ಸೂರ್ಯಕಾಂತಿಯ ಮುಂದೆ ಸವಾರ

ಬೇಗೂರು ಎಂದೊಡನೆ ಬೆಂಗಳೂರಿನ ವಾಚಕರಿಗೆ ತಮ್ಮ ನಗರದ ತೆಂಕಣ ಅಂಚಿನ ಬೇಗೂರು ನೆನಪಾಗುವುದು ಸಹಜವೇ. ಬೆಂಗಳೂರೆಂಬ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ಶಾಸನವಿರುವುದು ಅಲ್ಲಿಯೇ. ನಾನು ಹೇಳಹೊರಟಿರುವುದು ಅದನ್ನಲ್ಲ. ಮೈಸೂರಿನಿಂದ ನಂಜನಗೂಡನ್ನು ಹಾದು ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲೆ ಇನ್ನೊಂದು ಬೇಗೂರಿದೆ. ಆ ಬೇಗೂರಿನ ಕೀರ್ತಿ ಕಲ್ಲಿನಿಂದ ಬಂದದ್ದು. ಈ ಬೇಗೂರಿನ ಸುತ್ತಣ ಸೀಮೆಗೆ ಇತ್ತೀಚೆಗೆ ಕೀರ್ತಿ ಬಂದಿರುವುದು ಹೂವಿನಿಂದ. ಅದೂ ವರ್ಷಕ್ಕೆ ಕೆಲವು ವಾರಗಳ ಮಟ್ಟಿಗೆ.

ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತಿದ ಸೂರ್ಯಕಾಂತಿ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಅರಳುತ್ತದೆ. ಅದು ಅರಳಿತೆಂಬ ವಾರ್ತೆ ಬೆಂಗಳೂರನ್ನು ಮುಟ್ಟುವುದೇ ತಡ, ರವಿವಾರದ ನಸುಕಿನಲ್ಲಿ ಮೋಟಾರು ಸೈಕಲ್ಲುಗಳ ದಂಡು ಹೊರಡುತ್ತದೆ. ಮೊಣಕಾಲಿಗೆ ಕವಚ, ಕೈಗೆ ಚರ್ಮದ ಗವಸು, ವಾಹನದ ಎರಡು ಮಗ್ಗುಲಿಗೂ ಲೋಹದ ಪೆಟ್ಟಿಗೆ. ಊಟಿಗೆ ಹೋಗುವವರೂ ಲಡಾಖಿಗೆ ಹೊರಟವರಂತೆ ಸಜ್ಜಾಗಿರುತ್ತಾರೆ. ಹೊಲದ ಅಂಚಿನಲ್ಲಿ ವಾಹನವನ್ನು ನಿಲ್ಲಿಸಿ, ಮೈಗಂಟಿದ ಧೂಳನ್ನು ಒರೆಸಿ (ತಮ್ಮದನ್ನಲ್ಲ, ವಾಹನದ್ದನ್ನು), ಮದುವಣಿಗನು ಕುದುರೆಯ ಪಕ್ಕದಲ್ಲಿ ನಿಲ್ಲುವಂತೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಗುಂಡ್ಲುಪೇಟೆಯ ಕಾಫಿ ತಣ್ಣಗಾಗುವುದರೊಳಗೆ ಆ ಚಿತ್ರ ಮೊಬೈಲಿನ ಮೂಲಕ ನೂರು ಮಂದಿ ಗೆಳೆಯರನ್ನು ತಲುಪಿರುತ್ತದೆ.

ಈ ಚಪಲ ಹೊಸದೇನೂ ಅಲ್ಲ. 1932ರಲ್ಲಿ ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ಅಮೆರಿಕದ ತರುಣನು ಲಂಡನ್ನಿನಿಂದ ಡಗ್ಲಸ್ ಮೋಟಾರು ಸೈಕಲ್ಲನ್ನೇರಿ, ಭಾರತವನ್ನೂ ಹಾದು, ಸುಮಾರು ಒಂದೂವರೆ ವರ್ಷ ತಿರುಗಿದನು. ಹೊಟ್ಟೆಬಟ್ಟೆ ಕಟ್ಟಿದರೂ ಚಲನಚಿತ್ರದ ಸುರುಳಿಗಳನ್ನು ಮಾತ್ರ ಆತ ಬಿಡದೆ ಹೊತ್ತ. ನಮ್ಮ ಮೈಸೂರಿಗೇ ಬಂದರೆ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ಜಾವಾ ಮತ್ತು ಯೆಜ್ಡಿಗಳನ್ನು ಹೊರತಂದಿತು. ಗೇರು ಹಾಕುವ ಸನ್ನೆಯನ್ನೇ ಮೇಲಕ್ಕೆ ಮಡಿಸಿ ಒದ್ದರೆ ಚಾಲೂ ಆಗುತ್ತಿದ್ದ ಆ ವಿಚಿತ್ರ ಯಂತ್ರವನ್ನು ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಈಗಲೂ ನೆನೆಯುತ್ತಾರೆ. ಆ ಕಾಲದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ 12 ಚಿತ್ರಗಳು ಮಾತ್ರ. ಊಟಿಗೆ ಹೋಗಿ ಬರುವುದರಲ್ಲಿ ಹನ್ನೆರಡು ಸಲ ಯೋಚಿಸಬೇಕಾಗಿತ್ತು. ಅವರ ಚಿತ್ರಗಳು ಮಸುಕಾಗಿರಬಹುದು, ತಲೆ ಕತ್ತರಿಸಿಹೋಗಿರಬಹುದು; ಆದರೆ ಟೈರು ತೂತಾದಾಗ ನೀರು ಕೊಟ್ಟ ಹಳ್ಳಿಗನೂ, ಚಹದ ಅಂಗಡಿಯ ಹುಡುಗನೂ ಅವುಗಳಲ್ಲಿ ಒಂದೆರಡು ಕಡೆ ನಿಂತಿರುತ್ತಾರೆ.

ನನ್ನ ತರಗತಿಯ ತರುಣನೊಬ್ಬ ಮೂರು ದಿನದ ಪ್ರವಾಸದಿಂದ ಏಳು ನೂರು ಚಿತ್ರ ತಂದಿದ್ದ. ಅವುಗಳಲ್ಲಿ ನಲವತ್ತು ಸೂರ್ಯಕಾಂತಿಯ ಹೊಲದವು. ಒಂದರಲ್ಲಿಯೂ ಹೊಲದ ಒಡೆಯನಿಲ್ಲ. ಆತ ಇದ್ದನೇ ಎಂದು ಕೇಳಿದೆ. “ಇದ್ದರು ಸಾರ್, ಪಕ್ಕಕ್ಕೆ ಸರಿಯಿರಿ ಎಂದು ಹೇಳಿದೆವು” ಎಂದ. ಹುಡುಗ ಒಳ್ಳೆಯವನು, ಆ ಮಾತಿನಲ್ಲಿ ತಪ್ಪೇನಿದೆಯೆಂದು ಅವನಿಗೆ ಹೊಳೆಯಲೇ ಇಲ್ಲ.

ಸೂರ್ಯಕಾಂತಿಯ ಸಂಗತಿಯನ್ನು ಕೊಂಚ ವಿವರವಾಗಿ ಹೇಳಬೇಕು. ಎಣ್ಣೆಗಾಗಿ ಬೆಳೆಯುವ ತಳಿಯಲ್ಲಿ ಗಿಡಕ್ಕೆ ಒಂದೇ ಹೂವು. ನಾವು ಹೂವೆನ್ನುವುದು ನಿಜಕ್ಕೂ ನೂರಾರು ಕಿರುಹೂಗಳ ತಟ್ಟೆ; ಜೇನ್ನೊಣ ಕುಳಿತು ಎದ್ದಲ್ಲಿ ಒಂದೊಂದೂ ಒಂದೊಂದು ಬೀಜವಾಗುತ್ತದೆ. ಜೇನು ದುಡಿಯುವುದೂ ಬೆಳಗಿನ ಹೊತ್ತು, ಸವಾರರು ಇಳಿಯುವುದೂ ಬೆಳಗಿನ ಹೊತ್ತು. ಇನ್ನೊಂದು ಸ್ವಾರಸ್ಯವಿದೆ: ಎಳೆಯ ಮೊಗ್ಗು ಸೂರ್ಯನ ಹಿಂದೆ ತಿರುಗಿದರೂ ಬಲಿತ ಹೂವು ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ರಸ್ತೆ ದಕ್ಷಿಣಕ್ಕೆ ಸಾಗುವುದರಿಂದ, ಗುಂಡ್ಲುಪೇಟೆಗೆ ಹೋಗುವವರ ಬಲಗಡೆಯ ಹೊಲಗಳು ರಸ್ತೆಯತ್ತ ನಗುತ್ತವೆ. ಎಡಗಡೆಯವು ಬೆನ್ನು ತೋರಿಸುತ್ತವೆ. ಬಲಗಡೆಯ ರೈತನಿಗೇ ಅತಿಥಿಗಳ ಕಾಟ ಹೆಚ್ಚೆಂದು ಊಹಿಸಲು ಜ್ಯೋತಿಷ್ಯ ಬೇಡ. ಕಾಲಿಗೆ ಸಿಕ್ಕಿ ಮುರಿದ ಗಿಡ ಮತ್ತೆ ಹೂ ಬಿಡುವುದಿಲ್ಲ. ಒಬ್ಬ ಸವಾರ ಮೂರು ಗಿಡ ಮುರಿದರೆ ಅವನಿಗೆ ಅದು ಮೂರೇ. ಆದರೆ ಅವನ ಚಿತ್ರವನ್ನು ನೋಡಿ ಮುಂದಿನ ವಾರ ಬರುವವನು ಅದೇ ಕಾಲುದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಒಳಗೆ ಹೋಗುತ್ತಾನೆ.

ಆದುದರಿಂದಲೇ ಕೆಲವು ರೈತರು ಹೊಲಕ್ಕೆ ಹಗ್ಗ ಕಟ್ಟಿ, ತಲೆಗೆ ಇಷ್ಟು ಎಂದು ಕಾಸು ಪಡೆಯತೊಡಗಿದ್ದಾರೆ. ಓಣಂ ಹತ್ತಿರವಾದಾಗ ಚೆಂಡುಹೂವಿನ ಹೊಲಗಳನ್ನು ನೋಡಲು ಗಡಿಯಾಚೆಯಿಂದ ಬರುವ ಕೇರಳದ ಕುಟುಂಬಗಳಿಂದಲೂ ಹೀಗೆಯೇ. ಹೂವಿಗೂ ಹಣವೇ, ಹಳ್ಳಿಯೂ ಕೆಟ್ಟಿತು ಎಂದು ನಮ್ಮ ತರುಣರು ಗೊಣಗುತ್ತಾರೆ. ನನಗೆ ಆ ಗೊಣಗಾಟದಲ್ಲಿ ಪಾಲಿಲ್ಲ. ಹಿಂದೆ ಜಾತ್ರೆಯ ಫೋಟೋ ಅಂಗಡಿಯಲ್ಲಿ ಬಟ್ಟೆಯ ಮೇಲೆ ಬರೆದ ಸರೋವರದ ಮುಂದೆ, ರಟ್ಟಿನ ಮೋಟಾರು ಸೈಕಲ್ಲಿನ ಮೇಲೆ ಕುಳಿತು ನಾವು ಕಾಸು ಕೊಡಲಿಲ್ಲವೆ? ಬರೆದ ಪರದೆಗೆ ಬಾಡಿಗೆಯುಂಟು, ಉತ್ತು ಬಿತ್ತಿ ಬೆಳೆದ ಪರದೆಗೆ ಇಲ್ಲವೆಂದರೆ ನ್ಯಾಯವೆ? ನಾವು ಉಪಯೋಗಿಸುವ ಸೂರ್ಯಕಾಂತಿ ಎಣ್ಣೆಯ ಬಹುಭಾಗ ರಷ್ಯ, ಯುಕ್ರೇನ್ ಮುಂತಾದ ದೇಶಗಳಿಂದ ಹಡಗಿನಲ್ಲಿ ಬರುತ್ತಿರುವ ಕಾಲದಲ್ಲಿ, ಇಲ್ಲಿ ಅದನ್ನು ಬೆಳೆಯುವ ಧೈರ್ಯವನ್ನು ಮಾಡುತ್ತಿರುವವನು ಈತ.

ಗುಂಡ್ಲುಪೇಟೆಯನ್ನು ದಾಟಿದರೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಂಚಾರ ನಿಷಿದ್ಧ. ಹಗಲಿನಲ್ಲಿಯೂ ನಡುದಾರಿಯಲ್ಲಿ ನಿಲ್ಲುವಂತಿಲ್ಲ. 2025ರ ಆಗಸ್ಟಿನಲ್ಲಿ ಇಲ್ಲಿ ಆನೆಯೊಡನೆ ಚಿತ್ರ ತೆಗೆದುಕೊಳ್ಳಹೋದವನೊಬ್ಬನು ತುಳಿತಕ್ಕೆ ಸಿಕ್ಕಿಯೂ ಬದುಕಿದನು. ಅರಣ್ಯ ಇಲಾಖೆ ಅವನಿಗೆ 25,000 ರೂಪಾಯಿ ದಂಡ ಹಾಕಿತು. ಅದರ ಚಲಚ್ಚಿತ್ರವನ್ನು ದೇಶವೆಲ್ಲ ನೋಡಿ ಬೆರಗಾಯಿತು. ಅವನು ಬಯಸಿದ್ದ ಚಿತ್ರ ಮಾತ್ರ ಯಾರಿಗೂ ದೊರೆಯಲಿಲ್ಲ.

ರೈತರನ್ನು ಸಂತರೆಂದು ಹೊಗಳುವ ಉದ್ದೇಶ ನನಗಿಲ್ಲ. ಸುಗ್ಗಿಯ ಕಾಲದಲ್ಲಿ ಈ ಸೀಮೆಯ ಹಳ್ಳಿಯ ರಸ್ತೆಗಳಲ್ಲಿ ಹುರುಳಿಯನ್ನೂ ರಾಗಿಯ ತೆನೆಯನ್ನೂ ಹರವಿರುತ್ತಾರೆ. ಕಣ ಮಾಡಲು ಜಾಗವಿಲ್ಲ, ಒಕ್ಕಲು ಆಳಿಲ್ಲ, ಹೋಗುವ ಬರುವ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ. ಹುರುಳಿಯ ಮೇಲೆ ಎರಡು ಚಕ್ರದ ವಾಹನ ಜಾರಿತೆಂದರೆ ಮೂಳೆಗೆ ಕೇಡು, ಕೆಲವು ಸಲ ಪ್ರಾಣಕ್ಕೂ. ಆಷಾಢದಲ್ಲಿ ಸವಾರನು ಕೇಳದೆ ಹೊಲಕ್ಕೆ ಇಳಿದರೆ, ಪುಷ್ಯದಲ್ಲಿ ಹೊಲವೇ ಕೇಳದೆ ರಸ್ತೆಗೆ ಬರುತ್ತದೆ. ಇವರಿಬ್ಬರೂ ಒಬ್ಬರನ್ನೊಬ್ಬರು ಬಯ್ಯುವುದನ್ನು ನಾನು ಕೇಳಿದ್ದೇನೆ, ಮಾತಾಡಿಸುವುದನ್ನು ಕಂಡದ್ದು ಕಡಮೆ.

ಹೀಗೆಂದಾಗ ಆ ವಿದ್ಯಾರ್ಥಿಯೇ ತನ್ನ ಮೊಬೈಲನ್ನು ತಡಕಾಡಿ ಹಳೆಯ ಚಿತ್ರವೊಂದನ್ನು ತೋರಿಸಿದ. ಜನವರಿಯದು. ರಸ್ತೆಯ ತುಂಬ ಹುರುಳಿ. ಗೆಳೆಯನೊಬ್ಬ ಎಂಜಿನ್ನು ನಿಲ್ಲಿಸಿ ವಾಹನವನ್ನು ಮೆಲ್ಲಗೆ ತಳ್ಳುತ್ತಿದ್ದಾನೆ. ಮುದುಕಿಯೊಬ್ಬಳು ಕಸಬರಿಗೆಯಿಂದ ಕಾಳನ್ನು ಅತ್ತಿತ್ತ ಸರಿಸಿ ಅವನಿಗೆ ಒಂದು ಮೊಳದ ದಾರಿ ಬಿಡಿಸುತ್ತಿದ್ದಾಳೆ. ಇಬ್ಬರೂ ನಗುತ್ತಿದ್ದಾರೆ. ಬೆಳಕು ಸರಿಯಿಲ್ಲವೆಂದು ಅದನ್ನು ಆತ ಯಾರಿಗೂ ಕಳುಹಿಸಿರಲಿಲ್ಲ. ಒಂದು ಪ್ರತಿ ಅಚ್ಚು ಹಾಕಿಸಿ ಈ ಸಲ ಹೋದಾಗ ಆಕೆಗೆ ಕೊಟ್ಟು ಬಾ ಎಂದೆ. ಒಪ್ಪಿದ್ದಾನೆ. ಆದರೆ ಆ ಹಳ್ಳಿಯ ಹೆಸರು ಅವನಿಗೆ ತಿಳಿಯದು. ಬೇಗೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿದ್ದಷ್ಟೇ ನೆನಪಂತೆ.