ಡಬ್ಬಿಗೆ ಏನೂ ಆಗಿಲ್ಲ

ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಬಹಳ ಸಲೀಸಾಗಿ ಬಳಕೆಯಾಗುವ ಒಂದು ಮಾತಿದೆ: ‘ಮಷಿನ್ ಹಳೀದ ಆಗ್ಯಾದ್ರೀ, ಹೊಸಾದು ತಗೋರಿ.’ ಧ್ವನಿಮುದ್ರಣದ ಕೆಲಸ ಮಾಡುವವರು ಇನ್ನು ಮುಂದೆ ಈ ಮಾತಿಗೆ ತಲೆಯಾಡಿಸಬಾರದು ಎಂಬುದು ನನ್ನ ವಾದ. ವಿಂಡೋಸ್ ಅಪ್‌ಗ್ರೇಡ್ ಆದ ಮರುದಿನ ಸದ್ದು ಹಿಡಿಯದೆ ಕೂತ ಆಡಿಯೋ ಇಂಟರ್‌ಫೇಸ್ ಹಿಂದಿನ ಸಂಜೆಯವರೆಗೆ ಸರಿಯಾಗಿಯೇ ಇತ್ತು. ಅದರೊಳಗೆ ಏನೂ ಸುಟ್ಟಿಲ್ಲ, ಯಾವ ತಂತಿಯೂ ಬಿಟ್ಟಿಲ್ಲ. ಒಂದು ರಾತ್ರಿಯಲ್ಲಿ ಯಾವ ವಸ್ತುವೂ ಹಳೆಯದಾಗುವುದಿಲ್ಲ. ಆ ರಾತ್ರಿ ಬದಲಾದದ್ದು ಅದನ್ನು ಒಳಗೆ ಬಿಟ್ಟುಕೊಳ್ಳುವ ನಿಯಮ.

ನಮ್ಮ ಕಡೆ ‘ಸೌಂಡ್ ಕಾರ್ಡ್’ ಎಂದೇ ಕರೆಸಿಕೊಳ್ಳುವ ಈ ಡಬ್ಬಿಯ ಕೆಲಸ ಸರಳ. ಮೈಕಿನಿಂದ ಬರುವ ಕ್ಷೀಣ ವಿದ್ಯುತ್ತನ್ನು ಎತ್ತಿ, ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು, ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಕೊಡುತ್ತದೆ. ಆ ಅಂಕಿಗಳನ್ನು ಕಂಪ್ಯೂಟರ್ ಅರ್ಥ ಮಾಡಿಕೊಳ್ಳಲು ನಡುವೆ ಒಬ್ಬ ದುಭಾಷಿ ಬೇಕು. ಅದೇ ಡ್ರೈವರ್. ಡಬ್ಬಿಗೆ ನೀವು ದುಡ್ಡು ಕೊಟ್ಟಿದ್ದೀರಿ, ಅದು ನಿಮ್ಮದು. ದುಭಾಷಿ ಮಾತ್ರ ಕಂಪನಿಯ ಆಳು. ಕಂಪನಿ ಅವನನ್ನು ಹಿಂದಕ್ಕೆ ಕರೆಸಿಕೊಂಡ ದಿನ ನಿಮ್ಮ ಡಬ್ಬಿ ಮೂಗವಾಗುತ್ತದೆ.

ದೊಡ್ಡ ನಗರದ ಸ್ಟುಡಿಯೋಗಳಿಗೆ ಇದು ಒಂದು ಮಧ್ಯಾಹ್ನದ ಕಿರಿಕಿರಿ. ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳಲ್ಲಿ ಇದರಿಂದ ಒಂದು ಹಂಗಾಮಿನ ಕೆಲಸವೇ ನಿಲ್ಲಬಹುದು. ಇಲ್ಲಿ ಹಿಡಿದಿಡಬೇಕಾದ ದನಿಗಳಿಗೆ ಕೊರತೆಯಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಹಾಡಿಗೂ ವಾದ್ಯಕ್ಕೂ ವಿಸ್ತಾರವಾದ ಜಾಗ ಕೊಟ್ಟ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿ ಕನ್ನಡ, ಮರಾಠಿ, ಹಿಂದಿಯಲ್ಲಿ ಪದಗಳನ್ನು ಕಟ್ಟಿದರು. ಅಲ್ಲಿಯ ದತ್ತ ಜಯಂತಿಯ ದರ್ಬಾರಿನಲ್ಲಿ ಇವತ್ತಿಗೂ ಸಂಗೀತ ನಡೆಯುತ್ತದೆ. ಇವೆಲ್ಲ ಹೆಸರಾದವು. ಇವುಗಳ ಆಚೆಗೆ ಹಳ್ಳಿಹಳ್ಳಿಯ ತತ್ವಪದ, ಭಜನೆ, ವಚನಗಾಯನ, ಮೊಹರಂ ಪದ, ಅಭಂಗಗಳಿವೆ. ಅವನ್ನು ಹಾಡುವವರಲ್ಲಿ ಅನೇಕರು ಅರವತ್ತು, ಎಪ್ಪತ್ತು ದಾಟಿದವರು. ಆ ದನಿ ದಾಖಲಾಗುವುದು ಗೋಡೆಗೆ ಕೌದಿ ತೂಗುಹಾಕಿದ ಕೋಣೆಯಲ್ಲಿ, ಒಂದು ಲ್ಯಾಪ್‌ಟಾಪ್ ಮತ್ತು ಎರಡು ಮೈಕಿನ ಒಂದು ಡಬ್ಬಿಯ ಮುಂದೆ. ಇನ್ನೊಂದು ಡಬ್ಬಿ ಬೇಕೆಂದರೆ ಹೈದರಾಬಾದಿನ ಬಸ್ ಹತ್ತಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ ಕಾಯಬೇಕು.

ಡ್ರೈವರ್ ಕೈಕೊಟ್ಟಾಗ ಮೊದಲು ಅನುಮಾನಕ್ಕೆ ಒಳಗಾಗುವವರು ಈ ಕೋಣೆಯ ಮಂದಿಯೇ. ಮೈಕ್ ಬಿಚ್ಚುತ್ತಾರೆ, ಕೇಬಲ್ಲಿಗೆ ಹೊಸದಾಗಿ ಬೆಸುಗೆ ಹಾಕುತ್ತಾರೆ, ಯುಎಸ್‌ಬಿ ಪೋರ್ಟ್ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ 2018ರಿಂದ ಮೈಕ್ ಬಳಸುವ ಪ್ರತಿ ತಂತ್ರಾಂಶಕ್ಕೆ ಗೋಪ್ಯತೆಯ ಸೆಟ್ಟಿಂಗಿನಲ್ಲಿ ಒಪ್ಪಿಗೆ ಬೇಕು. ಅದು ಬಂದ್ ಆಗಿದ್ದರೆ ರೆಕಾರ್ಡಿಂಗ್ ನಡೆದಂತೆಯೇ ಕಾಣುತ್ತದೆ, ನಿಮಿಷಗಳು ಓಡುತ್ತವೆ, ಕಡತದಲ್ಲಿ ಇರುವುದು ಬರೀ ಮೌನ. ಆದ್ದರಿಂದ ಬೆಸುಗೆ ಕಾಯಿಸುವ ಮೊದಲು ಅದನ್ನು ನೋಡಿ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನದ ಜೊತೆ ಕೋಡ್ 28 ಎಂದಿದ್ದರೆ ಡ್ರೈವರ್ ಕೂತಿಲ್ಲ. ಕೋಡ್ 52 ಎಂದಿದ್ದರೆ ಡ್ರೈವರ್ ಇದೆ, ಅದರ ಮೇಲಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಕೊನೆಗೆ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ, ಹಾರ್ಡ್‌ಡಿಸ್ಕ್ ಮುಟ್ಟದೆ ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿ ನೋಡಿ. ಎಲ್ಲ ಡಬ್ಬಿಗಳೂ ಅಲ್ಲಿ ನಡೆಯುವುದಿಲ್ಲ. ಆದರೆ ನಿಮ್ಮದು ಅಲ್ಲಿ ಸದ್ದು ಹಿಡಿದರೆ, ಅಂಗಡಿಯವನ ಮಾತಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

‘ಕಂಪನಿಯ ಡ್ರೈವರ್ ಇಲ್ಲದಿದ್ದರೇನು, ವಿಂಡೋಸ್‌ನ ಮಾಮೂಲಿ ಡ್ರೈವರಿನಲ್ಲಿ ಹೇಗೋ ಸದ್ದು ಬರುತ್ತದಲ್ಲ’ ಎನ್ನುವವರಿದ್ದಾರೆ. ಹಾಡುವವರಿಗೆ ‘ಹೇಗೋ’ ಸಾಲದು. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಏಸಿಯೋ ಎಂಬ ದಾರಿ ಈ ವಿಳಂಬವನ್ನು ಕಡಿಮೆ ಮಾಡಲೆಂದೇ ಹುಟ್ಟಿದ್ದು. 48,000ದ ವೇಗದಲ್ಲಿ 128 ಮಾದರಿಗಳ ಬಫರ್ ಎಂದರೆ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಸಾಗುವುದು ಒಂದು ಮೀಟರಿನಷ್ಟು. ತಬಲಾದವರು ಪಕ್ಕದಲ್ಲೇ ಕೂತಂತೆ. ಅದೇ 50 ಮಿಲಿಸೆಕೆಂಡ್ ಆದರೆ 17 ಮೀಟರ್. ತಬಲಾ ಓಣಿಯ ಆ ತುದಿಯಲ್ಲಿ ಇದ್ದಂತೆ. ಹೆಡ್‌ಫೋನಿನಲ್ಲಿ ತಮ್ಮದೇ ದನಿ ಹಿಂದೆ ಬೀಳುವುದನ್ನು ಕೇಳುತ್ತ ಹಾಡುವ ಹಿರಿಯರು ತಾಳ ಎಳೆಯುತ್ತಾರೆ, ಮತ್ತೆ ಶುರು ಮಾಡುತ್ತಾರೆ, ಮೂರನೆಯ ಸಲ ‘ನನಗ ಇದು ಆಗಂಗಿಲ್ಲಪ್ಪ’ ಎಂದು ಎದ್ದುಬಿಡುತ್ತಾರೆ. ತಪ್ಪು ಅವರ ಕೊರಳಿನದೆಂದು ಅವರೂ ನಂಬಿರುತ್ತಾರೆ.

ವಿಂಡೋಸ್ 11ಕ್ಕೆ ಹೋದ ಮೇಲೆ ಹಿಂದಿನ ವಿಂಡೋಸ್‌ಗೆ ಮರಳಲು ಸಾಮಾನ್ಯವಾಗಿ ಸಿಗುವ ಅವಕಾಶ 10 ದಿನ. ನಮ್ಮ ಭಜನೆ ಕೂಡುವುದು ಅಮಾವಾಸ್ಯೆಗೆ, ಹುಣ್ಣಿಮೆಗೆ. ಎರಡರ ನಡುವಿನ ಅಂತರ 15 ದಿನ. ಅಮಾವಾಸ್ಯೆಯ ಮರುದಿನ ಅಪ್‌ಗ್ರೇಡ್ ಆದ ಲ್ಯಾಪ್‌ಟಾಪನ್ನು ಹುಣ್ಣಿಮೆಗೆ ತೆರೆದು, ಡಬ್ಬಿ ಮೂಗವಾಗಿದೆ ಎಂದು ತಿಳಿಯುವ ಹೊತ್ತಿಗೆ ಮರಳುವ ಬಾಗಿಲು ಮುಚ್ಚಿರುತ್ತದೆ. ಆ 10 ದಿನ ಎಂಬ ಲೆಕ್ಕದಲ್ಲಿ ದಿನಾ ಕಂಪ್ಯೂಟರ್ ಮುಂದೆ ಕೂರುವವರು ಮಾತ್ರ ಇದ್ದಾರೆ.

ಅಪ್‌ಗ್ರೇಡೇ ಬೇಡ ಎಂದರೂ ಬಿಡುಗಡೆಯಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಳೆ ಲ್ಯಾಪ್‌ಟಾಪ್ ಹೊಸ ವಿಂಡೋಸ್‌ಗೆ ಬೇಡ, ಹೊಸ ಲ್ಯಾಪ್‌ಟಾಪಿಗೆ ಹಳೆ ಡಬ್ಬಿ ಬೇಡ. ಅತ್ತ ದರಿ, ಇತ್ತ ಪುಲಿ. ಆಪಲ್ ಕೂಡ ಬೇರೆಯೇನಲ್ಲ: 2019ರ ಕ್ಯಾಟಲಿನಾದಲ್ಲಿ 32 ಬಿಟ್ ತಂತ್ರಾಂಶಗಳನ್ನು ಹೊರಗೆ ಹಾಕಿತು, 2025ರ ತಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆಯಿತು.

ಇದಕ್ಕೆ ಕಂಪನಿಗಳ ಉತ್ತರ ‘ಸುರಕ್ಷತೆ’. ಈ ಉತ್ತರ ಸುಳ್ಳಲ್ಲ, ಹಗುರವಾದದ್ದೂ ಅಲ್ಲ. ಡ್ರೈವರ್ ಕೆಲಸ ಮಾಡುವುದು ಕಂಪ್ಯೂಟರಿನ ಗರ್ಭಗುಡಿಯಂಥ ಜಾಗದಲ್ಲಿ. ಅಲ್ಲಿ ಒಂದು ತಪ್ಪಾದರೆ ಇಡೀ ಯಂತ್ರ ಮಲಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು ಎಂದು ಮೈಕ್ರೋಸಾಫ್ಟೇ ಅಂದಾಜು ಮಾಡಿತು. ಹಳೆಯ, ಬಿರುಕುಬಿಟ್ಟ ಡ್ರೈವರುಗಳ ಮೂಲಕ ಕಳ್ಳರು ನುಗ್ಗುವುದೂ ನಿಜ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ತಾನಾಗಿಯೇ ಚಾಲೂ ಇರುವುದು ಇದಕ್ಕಾಗಿ. ಅದಕ್ಕೆ ಹೊಂದದ ಡ್ರೈವರನ್ನು ಅದು ಒಳಗೇ ಬಿಡುವುದಿಲ್ಲ.

ಆದರೆ ಕಾವಲು ಬೇಕು ಎನ್ನುವುದರಿಂದ, ಕಾವಲಿನ ಖರ್ಚನ್ನು ಹಾಡು ಹಿಡಿಯುವವರೇ ಹೊರಬೇಕು ಎಂದು ಹೇಗೆ ಆಗುತ್ತದೆ? ಹೊಂದುವ ಡ್ರೈವರ್ ಬರೆಯಬೇಕಾದವರು ಡಬ್ಬಿ ಮಾರಿ ಲಾಭ ಮಾಡಿದವರು. ಅವರು ಬರೆಯದಿದ್ದಾಗ ಸಿಗುವ ಸಲಹೆ ಒಂದೇ: ‘ಆ ಕಾವಲನ್ನು ಆಫ್ ಮಾಡಿಬಿಡಿ.’ ಸಣ್ಣ ಊರಿನ ಕೋಣೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಬ್ಯಾಂಕಿನ ವ್ಯವಹಾರ ಅದರಲ್ಲೇ, ಮಕ್ಕಳ ಆನ್‌ಲೈನ್ ಅರ್ಜಿ ಅದರಲ್ಲೇ. ಹಾಡು ಬೇಕಾದರೆ ಮನೆಯ ಬಾಗಿಲು ತೆಗೆದಿಡು ಎಂದಂತಾಯಿತು. ಸುರಕ್ಷತೆಯ ಹೆಸರಿನಲ್ಲಿ ಹೊರಟ ನಿಯಮ ಬಡ ಬಳಕೆದಾರರನ್ನು ಹೆಚ್ಚು ಅಪಾಯಕ್ಕೆ ತಳ್ಳುತ್ತಿದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಯಾವ ಕಂಪನಿಯ ಡಬ್ಬಿಯಾದರೂ ಒಂದೇ ಸಾಮಾನ್ಯ ಭಾಷೆಯಲ್ಲಿ ಮಾತಾಡುವಂತೆ ಮಾಡುವ ಯುಎಸ್‌ಬಿ ಆಡಿಯೋ ಕ್ಲಾಸ್ 2 ಎಂಬ ಮಾನದಂಡ 2006ರಲ್ಲೇ ಸಿದ್ಧವಾಗಿತ್ತು. ಅದನ್ನು ಪಾಲಿಸಿದ ಡಬ್ಬಿಗೆ ಸದ್ದು ಕೊಡಲು ಕಂಪನಿಯ ದುಭಾಷಿ ಬೇಕಿಲ್ಲ. ಮ್ಯಾಕ್, ಲಿನಕ್ಸ್ ಅದನ್ನು ಮೊದಲೇ ಒಪ್ಪಿಕೊಂಡವು. ವಿಂಡೋಸ್ ಅದಕ್ಕೆ ತನ್ನದೇ ಡ್ರೈವರ್ ಕೊಟ್ಟದ್ದು 2017ರಲ್ಲಿ. ಆ 11 ವರ್ಷಗಳಲ್ಲಿ ವಿಂಡೋಸ್‌ಗೆಂದು ಕೊಂಡ ಡಬ್ಬಿಗಳು ತಂತಮ್ಮ ಕಂಪನಿಯ ಡ್ರೈವರಿಗೆ ಜೋತುಬಿದ್ದೇ ಬದುಕಬೇಕಾಯಿತು.

ಕನ್ನಡದಲ್ಲಿ ಬರೆಯುವವರಿಗೆ ಈ ಕತೆ ಹೊಸದಲ್ಲ. ಹಳೆಯ ಶ್ರೀಲಿಪಿ, ನುಡಿ, ಬರಹಗಳಲ್ಲಿ ಟೈಪಿಸಿದ ಕತೆ, ಪ್ರಬಂಧ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಗೀಚುಗೀಚಾಗಿ ಕಂಡದ್ದು ಯಾರಿಗೆ ನೆನಪಿಲ್ಲ? ಅದರಿಂದ ನಮ್ಮನ್ನು ಪಾರುಮಾಡಿದ್ದು ಯಾವುದೋ ಒಂದು ಕಂಪನಿಯ ಹೊಸ ಆವೃತ್ತಿಯಲ್ಲ, ಯೂನಿಕೋಡ್ ಎಂಬ ಎಲ್ಲರ ಮಾನದಂಡ. ಅಕ್ಷರಕ್ಕೆ ಹಟ ಹಿಡಿದು ಪಡೆದದ್ದನ್ನು ದನಿಗೆ ಕೇಳಲು ಯಾಕೆ ಹಿಂಜರಿಕೆ?

ಹಾಗಾದರೆ ಕೇಳೋಣ. ಪೊಟ್ಟಣ ಸಾಮಾನುಗಳ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿಸಬೇಕೆಂದು ನಮ್ಮಲ್ಲಿ 2011ರ ನಿಯಮಗಳಿವೆ. ಅದೇ ಪಕ್ಕದಲ್ಲಿ ‘ಈ ಸಾಧನಕ್ಕೆ ಇಂಥ ವರ್ಷದವರೆಗೆ ಡ್ರೈವರ್ ಕೊಡುತ್ತೇವೆ’ ಎಂಬ ಒಂದು ಸಾಲು ಕಡ್ಡಾಯವಾಗಲಿ. ಇದು ಅತಿಯಾಸೆಯಲ್ಲ. ಇಂಟರ್ನೆಟ್ಟಿಗೆ ಸೇರುವ ಗೃಹಬಳಕೆಯ ಸಾಧನಗಳಿಗೆ ಭದ್ರತಾ ಅಪ್‌ಡೇಟ್ ಎಷ್ಟು ಕಾಲ ಸಿಗುತ್ತದೆಂದು ಹೇಳಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಎಂದು ಪೋರ್ಟಲ್ ತೆರೆಯಿತು. ರಿಪೇರಿ ಎಂದರೆ ಸ್ಕ್ರೂ ಬಿಚ್ಚುವುದಷ್ಟೇ ಅಲ್ಲ, ಡ್ರೈವರೂ ಅದರೊಳಗೆ ಬರಬೇಕು. ಇನ್ನು ಮುಂದೆ ಡ್ರೈವರ್ ಬರೆಯುವುದಿಲ್ಲ ಎಂದು ನಿಲ್ಲಿಸಿದ ಕಂಪನಿ ಅದರ ಮೂಲವನ್ನೋ ಸಾಧನದ ತಾಂತ್ರಿಕ ವಿವರವನ್ನೋ ಬಿಟ್ಟುಕೊಡಲಿ, ಬರೆಯಬಲ್ಲವರು ಬರೆದುಕೊಳ್ಳುತ್ತಾರೆ.

ಸರ್ಕಾರಕ್ಕೂ ಒಂದು ಮಾತು. ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾದಾಗ ಹೇಳಿದ ಅಂದಾಜು 500 ಕೋಟಿ ರೂಪಾಯಿ. ಮಂಟಪ ಏಳಲಿ, ಸಂತೋಷ. ಅನುಭವ ಮಂಟಪದ ಹೆಗ್ಗಳಿಕೆ ಕಲ್ಲಿನದಲ್ಲ, ಅಲ್ಲಿ ಕೂತು ಆಡಿದ ಮಾತಿನದು. ಆ ಮೊತ್ತದ ಮುಂದೆ ಕಣ್ಣಿಗೂ ಕಾಣದಷ್ಟು ಸಣ್ಣ ಹಣದಲ್ಲಿ ಬಸವಕಲ್ಯಾಣಕ್ಕೊಂದು, ಹುಮನಾಬಾದಿಗೊಂದು ಸಾರ್ವಜನಿಕ ಧ್ವನಿಮುದ್ರಣ ಕೋಣೆ ಮಾಡಬಹುದು. ಮಾನದಂಡ ಪಾಲಿಸುವ ಡಬ್ಬಿಗಳನ್ನು ಅಲ್ಲಿ ಇಟ್ಟು, ನೋಡಿಕೊಳ್ಳಲು ಒಬ್ಬರನ್ನು ನೇಮಿಸಬಹುದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಶ್ರಾವಣದಲ್ಲಿ, ಜಾತ್ರೆಯ ಹಂಗಾಮಿನಲ್ಲಿ ಅಪ್‌ಗ್ರೇಡ್ ಒತ್ತುವುದು ಬೇಡ. ಒತ್ತುವ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದಿಡಿ, ಡ್ರೈವರಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಒತ್ತಿದ ದಿನವೇ ಐದು ನಿಮಿಷ ಹಾಡಿಸಿ ನೋಡಿ. ಹಳೆ ಲ್ಯಾಪ್‌ಟಾಪ್ ಇದ್ದರೆ ಇಂಟರ್ನೆಟ್ ಕೊಡದೆ ರೆಕಾರ್ಡಿಂಗಿಗೇ ಮೀಸಲಿಡಿ. ಹೊಸ ಡಬ್ಬಿ ಕೊಳ್ಳುವಾಗ ‘ಇದು ಡ್ರೈವರ್ ಇಲ್ಲದೆ ಫೋನಿಗೂ ಲಿನಕ್ಸಿಗೂ ನಡೆಯುತ್ತದೆಯೇ’ ಎಂದು ಕೇಳಿ, ಅಂಗಡಿಯಲ್ಲೇ ಚುಚ್ಚಿ ತೋರಿಸಲು ಹೇಳಿ.

ಧಾರವಾಡದಲ್ಲಿ ಹುಟ್ಟಿ ಬಿಜಾಪುರದಲ್ಲಿ ನೆಲೆಸಿದ್ದ ವಕೀಲ ಫ.ಗು. ಹಳಕಟ್ಟಿಯವರು ಹುಡುಕಿ ಒಟ್ಟುಮಾಡಿದ ವಚನದ ಓಲೆಗರಿಗಳನ್ನು ಓದಲು ಲಿಪಿ ಬಲ್ಲ ಕಣ್ಣಿದ್ದರೆ ಸಾಕಾಗಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಬಂದದ್ದು ಹಾಗೆ. ಓಲೆಗರಿ ಶತಮಾನಗಳ ಕಾಲ ಕಾದಿತ್ತು. ಕೊರಳು ಅಷ್ಟು ಕಾಯುವುದಿಲ್ಲ. ಮುಂದಿನ ಹುಣ್ಣಿಮೆಗೆ ಹಾಡಲು ಬರುವ ಎಪ್ಪತ್ತೈದರ ಹಿರಿಯರಿಗೆ ‘ಡ್ರೈವರ್ ಬಂದಿಲ್ಲ, ಇನ್ನೊಂದು ಸಲ ಬರ್ರೀ’ ಎಂದು ಹೇಳುವ ಹಕ್ಕು ನಮಗೂ ಇಲ್ಲ, ಡಬ್ಬಿ ಮಾರಿದವರಿಗೂ ಇಲ್ಲ.