ಸುಸ್ತಿಗೆ ಗ್ಲೂಕೋಸ್ ಬಾಟಲಿ ಏಕೆ?

"ಬಹಳ ಸುಸ್ತು ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ." ನಮ್ಮ ಊರುಗಳ ದವಾಖಾನೆಗಳಲ್ಲಿ ಇದು ನಿತ್ಯದ ಬೇಡಿಕೆ. ಹಾಕದಿದ್ದರೆ ಡಾಕ್ಟರ ಕೈಗುಣವೇ ಸರಿಯಿಲ್ಲ ಎನ್ನುತ್ತಾರೆ. ಹಾಗಾಗಿ, ಬೇಡವೆಂದು ತಿಳಿದೂ ಹಾಕುವ ವೈದ್ಯರಿದ್ದಾರೆ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ.

ಶೇ. 5ರ ದ್ರಾವಣದ ಅರ್ಧ ಲೀಟರ್ ಬಾಟಲಿಯಲ್ಲಿರುವ ಗ್ಲೂಕೋಸ್ 25 ಗ್ರಾಂ. ಅದರಿಂದ ಸಿಗುವುದು ಹೆಚ್ಚೆಂದರೆ 100 ಕ್ಯಾಲೊರಿ. ಒಂದು ದೊಡ್ಡ ಪಚ್ಚಬಾಳೆಹಣ್ಣು ಕೊಡುವಷ್ಟು!

ಅಲ್ಲದೆ, ರಕ್ತದಲ್ಲಿರುವ ಗ್ಲೂಕೋಸ್ ಬರೀ ಸೌದೆ. ಅದು ಜೀವಕೋಶದೊಳಗೆ ಉರಿದರಷ್ಟೇ ಶಕ್ತಿ. ಮೊದಲು ಹತ್ತು ಹಂತಗಳಲ್ಲಿ ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಎರಡು ತುಣುಕುಗಳಾಗುತ್ತದೆ. ಆಗ ಉಳಿಯುವ ಲಾಭ ಎರಡೇ ಎಟಿಪಿ ಅಣುಗಳು. ನಮ್ಮ ಸ್ನಾಯು, ಹೃದಯ, ಮಿದುಳು ನೇರವಾಗಿ ಬಳಸಬಲ್ಲ ಶಕ್ತಿ ಈ ಎಟಿಪಿಯೇ. ಆ ತುಣುಕುಗಳು ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳನ್ನು ಹೊಕ್ಕು ಆಮ್ಲಜನಕದೊಂದಿಗೆ ಪೂರ್ತಿ ಉರಿದರೆ ಒಟ್ಟು ಸುಮಾರು 30 ಎಟಿಪಿ ದೊರೆಯುತ್ತವೆ.

ಒಲೆಗೆ ಆಮ್ಲಜನಕ ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣ ಬೇಕು. ಒಲೆಯೊಳಗೆ ಕೆಲಸ ಮಾಡುವ ಹಲವು ಪ್ರೋಟೀನ್‌ಗಳಿಗೂ ಕಬ್ಬಿಣ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಗಾಳಿಯಾಡದ ಒಲೆಗೆ ಇನ್ನಷ್ಟು ಸೌದೆ ತುರುಕಿ ಏನು ಪ್ರಯೋಜನ?

ಸಕ್ಕರೆ ಕಾಯಿಲೆಯವರ ಕಥೆ ಬೇರೆ. ಅವರ ರಕ್ತದಲ್ಲಿ ಗ್ಲೂಕೋಸ್ ತುಂಬಿ ತುಳುಕುತ್ತಿದ್ದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸ್ನಾಯುಗಳಿಗೆ ಸಾಕಷ್ಟು ಸೇರುವುದಿಲ್ಲ. ಪರೀಕ್ಷಿಸದೆ ಬಾಟಲಿ ಏರಿಸಿದರೆ ಅಪಾಯವೇ. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ಜೀವಸತ್ವದ ಕೊರತೆಯಿಂದ ಪೈರುವೇಟ್ ಮುಂದೆ ಉರಿಯಲಾರದು. ಬಿ1 ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೇ ಹಾನಿಯಾಗಬಹುದು.

ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರಿಗೆ ಗ್ಲೂಕೋಸ್ ಪ್ರಾಣ ಉಳಿಸುತ್ತದೆ, ನಿಜ. ಆದರೆ ಬರೀ ಸುಸ್ತಿಗೆ?

"ಹಾಕಿಸಿಕೊಂಡ ಮೇಲೆ ಹಾಯೆನಿಸುತ್ತದಲ್ಲ?" ಎನ್ನುವಿರಿ. ಎರಡು ಗಂಟೆ ಯಾರೂ ಕೆಲಸ ಹೇಳದೆ ಮಲಗಲು ಬಿಟ್ಟರೆ ನಮ್ಮ ಹೆಣ್ಣುಮಕ್ಕಳಿಗೆ ಹಾಯೆನಿಸದೇ ಇದ್ದೀತೇ!

ಮುಂದಿನ ಸಲ ಸುಸ್ತೆಂದು ಹೋದಾಗ ಬಾಟಲಿ ಕೇಳಬೇಡಿ. ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆ ಮಾಡಿ ಎನ್ನಿ. ಕಬ್ಬಿಣಾಂಶ ಕಡಿಮೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆಗಳು ಉಚಿತವಾಗಿ ಸಿಗುತ್ತವೆ. ವೈದ್ಯರು ಹೇಳಿದಷ್ಟು ತಿಂಗಳು ಬಿಡದೆ ನುಂಗಿ. ಮಾತ್ರೆಯ ಹಿಂದೆಯೇ ಕಾಫಿ, ಟೀ ಮಾತ್ರ ಬೇಡ. ಕಬ್ಬಿಣ ಮೈಗೆ ಹತ್ತುವುದಿಲ್ಲ.