ಆಟಕ್ಕುಂಟು, ಲೆಕ್ಕಕ್ಕಿಲ್ಲ: ಗಡಿನಾಡಿನ ಸರಕು ಗಾಡಿಯನ್ನು ಅಳೆಯುವವರು ಯಾರು?

ಸರಕು ಸಾಗಣೆಯಲ್ಲಿ ಯಾವ ರಾಜ್ಯ ಮುಂದಿದೆ, ಯಾವುದು ಹಿಂದಿದೆ ಅಂತ ಹೇಳೋದಕ್ಕೆ ಕೇಂದ್ರ ವಾಣಿಜ್ಯ ಸಚಿವಾಲಯ 2018ರಿಂದ 'ಲೀಡ್ಸ್' ಎಂಬ ವರದಿ ತರುತ್ತಿದೆ. 2023ರ ವರದಿಯಲ್ಲಿ ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣ ಮೇಲಿನ ದರ್ಜೆಯಲ್ಲಿದ್ದವು. ಕೇರಳ, ಮಹಾರಾಷ್ಟ್ರ ಒಂದು ಮೆಟ್ಟಿಲು ಕೆಳಗೆ. ಸಂತೋಷ. ರಾಜಧಾನಿಗಳಲ್ಲಿ ಸಿಹಿ ಹಂಚಿಕೊಳ್ಳಲಿ.

ನಮ್ಮದು ಒಂದೇ ಪ್ರಶ್ನೆ. ತಾಳವಾಡಿಯ ಎಲೆಕೋಸಿನ ಗಾಡಿ ಯಾವ ದರ್ಜೆ? ಜತ್ತದ ದಾಳಿಂಬೆ ಗಾಡಿ? ಪೆರ್ಲದ ಅಡಕೆ ಗಾಡಿ?

ಉತ್ತರ ಇಲ್ಲ. ಯಾಕಂದ್ರೆ ಅಳತೆ ಇರೋದು ರಾಜ್ಯಕ್ಕೆ, ಹಾದಿಗಲ್ಲ. ತಾಳವಾಡಿ ಕಾಗದದಲ್ಲಿ ಈರೋಡ್ ಜಿಲ್ಲೆ, ತಮಿಳುನಾಡು. ಚೆನ್ನೈ, ತೂತ್ತುಕುಡಿ ಬಂದರುಗಳಿಗೆ ಬಿದ್ದ ಅಂಕ ತಾಳವಾಡಿಗೂ ಬಿದ್ದ ಹಾಗೆ! ಆದರೆ ನಮ್ಮ ಗಾಡಿ ತಮ್ಮದೇ ಜಿಲ್ಲಾಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹತ್ತಿರದ ದೊಡ್ಡ ಊರು ಚಾಮರಾಜನಗರ, ಅದು ಇನ್ನೊಂದು ರಾಜ್ಯದ ಅಂಕಪಟ್ಟಿ. ಅತ್ತ ಹೋದರೂ ಇತ್ತ ಹೋದರೂ ನಾವು ಯಾರ ಲೆಕ್ಕಕ್ಕೂ ಇಲ್ಲ.

ಈಗ ಎಲ್ಲ ಡಿಜಿಟಲ್, ಎಲ್ಲವೂ ದಾಖಲಾಗುತ್ತೆ ಅಂತಾರೆ. ಆಗುತ್ತಾ ನೋಡೋಣ. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕಿಗೆ ಇ-ವೇ ಬಿಲ್ ಬೇಕು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ಇ-ವೇ ಬಿಲ್ಲೂ ಬೇಡ. ರೈತನಿಗೆ ಅನುಕೂಲವೇ, ಬೇಡ ಅನ್ನುವುದಿಲ್ಲ. ಆದರೆ ಆ ಗಾಡಿ ಅಂಕಿಅಂಶದಿಂದ ಮಾಯ. ಫಾಸ್ಟ್ಯಾಗ್ ಲೆಕ್ಕ ಕೊಡುವುದು ಟೋಲ್ ಗೇಟು ಇರುವ ಕಡೆ. ಹೊಲದಿಂದ ಸಂತೆಗೆ ಹೋಗುವ ದಾರಿಯಲ್ಲಿ ಟೋಲೂ ಇಲ್ಲ, ಲೆಕ್ಕವೂ ಇಲ್ಲ. ಕಂಟೇನರ್ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ, ಕೋಸಿನ ಮೂಟೆ ಕಾಣುವುದಿಲ್ಲ. ಕಾಣದ್ದನ್ನು ಯಾರು ಸರಿಪಡಿಸುತ್ತಾರೆ?

ಇನ್ನು ಸರಾಸರಿ ಅನ್ನೋ ಮೋಸ. ಒಂದು ಉದಾಹರಣೆ ತಗೊಳ್ಳಿ. ಐದು ದಿನದಲ್ಲಿ ನಾಲ್ಕು ದಿನ ಗಾಡಿ 4 ಗಂಟೆಯಲ್ಲಿ ಮಾರುಕಟ್ಟೆ ಸೇರಿತು. ಒಂದು ದಿನ ಘಾಟಿಯಲ್ಲಿ ಲಾರಿ ಕೆಟ್ಟು ನಿಂತು 10 ಗಂಟೆ ಆಯಿತು. ಸರಾಸರಿ 5 ಗಂಟೆ 12 ನಿಮಿಷ. ಕಡತದಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ಹರಾಜು ಬೆಳಗಿನ ಜಾವಕ್ಕೆ. ಆ ಒಂದು ದಿನದ ಭಯಕ್ಕೆ ಐದೂ ದಿನ ಬೇಗ ಕೊಯ್ಯಬೇಕು, ಬೇಗ ಹೊರಡಬೇಕು, ಬಾಡಿಗೆ ಹೆಚ್ಚು ಕೊಡಬೇಕು. ರೈತ ಮುಳುಗೋದು ಸರಾಸರಿಯಲ್ಲಲ್ಲ, ಆ ಒಂದು ಕೆಟ್ಟ ದಿನದಲ್ಲಿ. ಅದನ್ನೇ ಅಳೆಯದ ವ್ಯವಸ್ಥೆ ಅಳೆದದ್ದಾದರೂ ಏನು?

ರಾತ್ರಿ ನಿರ್ಬಂಧದ ಮಾತು ಬಂದಾಗ ನಮ್ಮನ್ನು ಕಾಡಿನ ವೈರಿಗಳು ಅಂತ ಬಿಂಬಿಸಬೇಡಿ. ವಯನಾಡಿನ ಕಡೆಯ ಬಂಡೀಪುರ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ದಿಂಬಂನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಯಾಯಿತು. ಆನೆ, ಹುಲಿ, ಜಿಂಕೆಗಳ ಜೀವ ದೊಡ್ಡದು, ಒಪ್ಪಿದ್ದೇವೆ. ಆದರೆ ಅದರ ಖರ್ಚು ಯಾರ ತಲೆಗೆ? ಕಾಡು ದೇಶದ್ದಾದರೆ ಕಾಯುವ ಖರ್ಚೂ ದೇಶದ್ದೇ ಆಗಬೇಕು. ಆ ಖರ್ಚು ಎಷ್ಟು ಅಂತ ಅಳೆಯದೆ ಪರಿಹಾರವೂ ಬರಲ್ಲ, ಶೀತಲಗೃಹವೂ ಬರಲ್ಲ.

ಗಡಿ ದಾಟಿದ ಲೆಕ್ಕ ಇಡೋದು ಅಸಾಧ್ಯ ಅಂತಾರಾ? ಬೆಳೆಗೆ ರಾಜ್ಯದ ಗಡಿ ಗೊತ್ತಿಲ್ಲ ಅನ್ನೋದು ಅಡಕೆ ಬೆಳೆಗಾರರಿಗೆ 1973ರಲ್ಲೇ ಗೊತ್ತಿತ್ತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಸಹಕಾರಿ ಸಂಘಕ್ಕೆ ಸಾಧ್ಯವಾದದ್ದು ಸರ್ಕಾರಕ್ಕೆ ಯಾಕೆ ಸಾಧ್ಯವಿಲ್ಲ?

ನಮ್ಮ ಬೇಡಿಕೆ ಇಷ್ಟೇ:

1. ಅಂಕ ರಾಜ್ಯಕ್ಕೆ ನಿಲ್ಲದೆ ತಾಲೂಕಿಗೂ ಬರಲಿ. ಗಡಿ ದಾಟುವ ಹಾದಿಯನ್ನು ಎರಡೂ ರಾಜ್ಯ ಸೇರಿ ಒಂದೇ ಘಟಕವಾಗಿ ಅಳೆಯಲಿ.

2. ಸರಾಸರಿ ವೇಳೆಯ ಪಕ್ಕದಲ್ಲೇ ಅತಿ ಕೆಟ್ಟ ದಿನದ ವೇಳೆ, ಕೊಳೆತ ಮಾಲು, ಖಾಲಿ ವಾಪಸ್ ಬಂದ ಗಾಡಿ, ಇವನ್ನೂ ಬರೆಯಲಿ.

3. ಸಮೀಕ್ಷೆಯವರು ದೊಡ್ಡ ಕಂಪನಿಗಳ ಜೊತೆ ನಮ್ಮ ಡ್ರೈವರ್, ನಮ್ಮ ರೈತನನ್ನೂ ಕೇಳಲಿ. ಅವರಿಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ ಕೇಳಲಿ.

ಗೆಳೆಯರೇ, ಅವರು ಅಳೆಯುವ ತನಕ ಕಾಯೋದು ಬೇಡ. ಅಪ್ಪನ ಜೊತೆ ಗಾಡಿ ಹತ್ತುವ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಒಂದು ತಿಂಗಳು ಬರೆದಿಡಿ: ಹೊರಟ ವೇಳೆ, ಚೆಕ್‌ಪೋಸ್ಟಲ್ಲಿ ನಿಂತ ಹೊತ್ತು, ಮಾರುಕಟ್ಟೆ ಮುಟ್ಟಿದ ವೇಳೆ, ಕಿಲೋಗೆ ಬಿದ್ದ ಬಾಡಿಗೆ, ಎಸೆದ ಮಾಲು, ವಾಪಸ್ಸಿನ ಲೋಡು. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಮಡಕಶಿರಾ, ಕಾಸರಗೋಡು, ಎಲ್ಲೇ ಇರಲಿ, ಪಟ್ಟಿ ಒಂದೇ ಥರ ಇರಲಿ. ಮೂವತ್ತು ದಿನದ ಪಟ್ಟಿ ಹಿಡಿದು ಜಿಲ್ಲಾಧಿಕಾರಿ ಮುಂದೆ ನಿಂತರೆ 'ದೂರು ಇದೆಯಾ, ಆಧಾರ ಎಲ್ಲಿ?' ಅನ್ನೋ ಬಾಯಿ ಮುಚ್ಚುತ್ತದೆ.

ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಲೆಕ್ಕ ಕೊಡೋಣ.